ಮಗುವಿನ ಮೊದಲ ಮಾತು ಮತ್ತು ನ್ಯಾಯದ ಬಾಗಿಲು

(ಅಪರಾಧ ಹಾಗೂ ಹಿಂಸೆಗೆ ಒಳಗಾದವರಿಗೆ ಸರ್ಕಾರದ ನೆರವು ಸೇವೆಗಳು: ಕನ್ನಡ ಮಾಧ್ಯಮ ಶಿಕ್ಷಕರಿಗಾಗಿ ನೀಡಿದ ಉಪನ್ಯಾಸದ ಪಾಠ)



ಹೊಸೂರು, ತಳಿ, ಡೆಂಕಣಿಕೋಟೆ, ಅಂಚೆಟ್ಟಿ, ಬಾಗಲೂರು ಪ್ರದೇಶಗಳ ಮಗು ಒಂದೇ ದಿನದಲ್ಲಿ ಎರಡು ಮೂರು ಭಾಷೆಗಳ ನಡುವೆ ಓಡಾಡುತ್ತದೆ. ಮನೆಯಲ್ಲಿ ಕನ್ನಡ ಅಥವಾ ತೆಲುಗು, ತರಗತಿಯಲ್ಲಿ ಕನ್ನಡ, ಬಸ್ಸಿನ ಫಲಕದಲ್ಲಿ, ಪಡಿತರ ಅಂಗಡಿಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ತಮಿಳು. 2006ರ ತಮಿಳು ಕಲಿಕಾ ಕಾಯ್ದೆಯ ನಂತರ ತಮಿಳು ನಮ್ಮ ಶಾಲೆಗಳ ಮಕ್ಕಳಿಗೂ ಪಾಠದ ವಿಷಯವಾಗಿದೆ. ಅವರು ಅದನ್ನು ಓದುತ್ತಾರೆ, ಬರೆಯುತ್ತಾರೆ, ಆಟದಲ್ಲಿ ಆಡುತ್ತಾರೆ. ಆದರೆ ಓದಲು ಬರುವ ಭಾಷೆ ಒಂದು, ನೋವನ್ನು ಹೇಳಿಕೊಳ್ಳುವ ಭಾಷೆ ಇನ್ನೊಂದು. ಮೈಮೇಲೆ ಆದ ಗಾಯವನ್ನು, ಮನಸ್ಸಿನಲ್ಲಿ ಉಳಿದ ಭಯವನ್ನು ಮಗು ತಾಯಿಯಿಂದ ಕಲಿತ ಮಾತಿನಲ್ಲಿಯೇ ಹೇಳುತ್ತದೆ.

ಅಪರಾಧಕ್ಕೆ, ಹಿಂಸೆಗೆ ಒಳಗಾದವರಿಗಾಗಿ ಸರ್ಕಾರ ಹಲವು ಸೇವೆಗಳನ್ನು ಏರ್ಪಡಿಸಿದೆ. ಸಹಾಯವಾಣಿ, ಚಿಕಿತ್ಸೆ, ಆಶ್ರಯ, ವಕೀಲರ ನೆರವು, ಪರಿಹಾರಧನ ಎಲ್ಲವೂ ಇವೆ. ಆದರೆ ಇವೆಲ್ಲವೂ ಆರಂಭವಾಗುವುದು ನೊಂದವರು ಆಡುವ ಮೊದಲ ಮಾತಿನಿಂದ. ಆ ಮಾತು ಕನ್ನಡದಲ್ಲಿದ್ದಾಗ, ಅದನ್ನು ಮೊದಲು ಕೇಳಿಸಿಕೊಳ್ಳುವ ಸರ್ಕಾರಿ ವ್ಯಕ್ತಿ ಹೆಚ್ಚಿನ ಸಂದರ್ಭಗಳಲ್ಲಿ ಪೊಲೀಸರೂ ಅಲ್ಲ, ವೈದ್ಯರೂ ಅಲ್ಲ. ಕನ್ನಡ ಶಾಲೆಯ ಉಪಾಧ್ಯಾಯರು. ಆ ಮಾತನ್ನು ಕೆಡದಂತೆ ಕಾಪಾಡಿ ಸರಿಯಾದ ಬಾಗಿಲಿಗೆ ತಲುಪಿಸುವುದು ಹೇಗೆ ಎಂಬುದೇ ಈ ಉಪನ್ಯಾಸದ ವಿಷಯ.

ಹಾಜರಿ ಪುಸ್ತಕ ಹೇಳುವ ಸಂಗತಿ

ಕೃಷ್ಣಗಿರಿ ಜಿಲ್ಲೆಯ ಇತ್ತೀಚಿನ ಎರಡು ಪ್ರಕರಣಗಳನ್ನು ಶಿಕ್ಷಕರೆಲ್ಲರೂ ಪತ್ರಿಕೆಗಳಲ್ಲಿ ಓದಿದ್ದಾರೆ. 2024ರ ಆಗಸ್ಟ್ ತಿಂಗಳಲ್ಲಿ ಬರಗೂರು ಸಮೀಪದ ಒಂದು ಖಾಸಗಿ ಶಾಲೆಯಲ್ಲಿ ಎನ್‌ಸಿಸಿ ಹೆಸರಿನಲ್ಲಿ ನಡೆದ ಶಿಬಿರ ನಕಲಿಯೆಂದು ಬಯಲಾಯಿತು. ಅಲ್ಲಿ ವಿದ್ಯಾರ್ಥಿನಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತೆಂಬ ದೂರಿನ ಮೇಲೆ ಶಿಬಿರ ನಡೆಸಿದವರು ಬಂಧಿತರಾದರು. ಅವರ ಜೊತೆಗೆ, ವಿಷಯ ತಿಳಿದ ಮೇಲೂ ಪೊಲೀಸರಿಗೆ ತಿಳಿಸಲಿಲ್ಲವೆಂಬ ಆರೋಪದ ಮೇಲೆ ಶಾಲೆಯ ಆಡಳಿತಕ್ಕೆ ಸೇರಿದವರೂ ಬಂಧಿತರಾದರು. ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡವೊಂದನ್ನು ರಚಿಸಿತು. ಇಂಥ ಘಟನೆಗಳು ಮರುಕಳಿಸದಂತೆ ಸಲಹೆ ನೀಡಲು ಸಮಾಜ ಕಲ್ಯಾಣ ಇಲಾಖೆಯ ಕಾರ್ಯದರ್ಶಿಯ ನೇತೃತ್ವದಲ್ಲಿ ಇನ್ನೊಂದು ತಂಡವನ್ನೂ ನೇಮಿಸಿತು.

ಆರು ತಿಂಗಳು ಕಳೆಯುವಷ್ಟರಲ್ಲಿ, 2025ರ ಫೆಬ್ರವರಿಯಲ್ಲಿ, ಇದೇ ಜಿಲ್ಲೆಯ ಒಂದು ಸರ್ಕಾರಿ ಶಾಲೆಯ ಮೂವರು ಶಿಕ್ಷಕರು ವಿದ್ಯಾರ್ಥಿನಿಯೊಬ್ಬಳ ಮೇಲಿನ ದೌರ್ಜನ್ಯದ ಆರೋಪದಲ್ಲಿ ಬಂಧಿತರಾದರು. ಅಂದಿನ ವರದಿಗಳಂತೆ, ಆ ಹುಡುಗಿ ಬಹುದಿನ ಶಾಲೆಗೆ ಬಾರದೆ ಹೋದಾಗ ಮುಖ್ಯೋಪಾಧ್ಯಾಯರು ಕಾರಣ ವಿಚಾರಿಸಿದರು. ವಿಷಯ ಹೊರಬಂದದ್ದು ಆಗಲೇ.

ಈ ಎರಡು ಪ್ರಕರಣಗಳನ್ನು ಒಟ್ಟಿಗೆ ನೋಡಿದರೆ ಒಂದು ಪಾಠ ಸ್ಪಷ್ಟವಾಗುತ್ತದೆ. ಮೊದಲನೆಯದರಲ್ಲಿ ತಿಳಿದೂ ಸುಮ್ಮನಿದ್ದರೆಂಬ ಆರೋಪವೇ ಶಾಲೆಯವರನ್ನು ಜೈಲಿನವರೆಗೆ ಒಯ್ದಿತು. ಎರಡನೆಯದರಲ್ಲಿ ಹಾಜರಿ ಪುಸ್ತಕದ ಖಾಲಿ ಕಟ್ಟಗಳನ್ನು ಒಬ್ಬರು ಗಮನಿಸಿ, ಏಕೆ ಎಂದು ಕೇಳಿದ್ದರಿಂದ ಒಂದು ಮಗುವಿಗೆ ಸಹಾಯದ ದಾರಿ ತೆರೆಯಿತು. ಅದಕ್ಕಾಗಿ ಅವರಿಗೆ ವಿಶೇಷ ತರಬೇತಿಯೇನೂ ಬೇಕಾಗಲಿಲ್ಲ. ಎಲ್ಲ ಉಪಾಧ್ಯಾಯರೂ ಪ್ರತಿದಿನ ಬೆಳಿಗ್ಗೆ ಕೈಯಲ್ಲಿ ಹಿಡಿಯುವ ಪುಸ್ತಕವೇ ಸಾಕಾಯಿತು.

ಕಾನೂನು ಶಿಕ್ಷಕರಿಗೆ ವಹಿಸಿರುವ ಹೊಣೆ

ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, ಅಂದರೆ ಪೋಕ್ಸೋ ಕಾಯ್ದೆ, 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. 18 ವರ್ಷ ತುಂಬದ ಎಲ್ಲರೂ ಇದರ ದೃಷ್ಟಿಯಲ್ಲಿ ಮಕ್ಕಳೇ. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಾನ ರಕ್ಷಣೆಯಿದೆ. ಇದರ 19ನೆಯ ಕಲಮಿನಂತೆ, ಅಪರಾಧ ನಡೆದಿದೆಯೆಂದು ತಿಳಿದವರು ಮಾತ್ರವಲ್ಲ, ನಡೆಯಬಹುದೆಂಬ ಆತಂಕವುಳ್ಳವರೂ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದವರಿಗೆ 21ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ ಉಂಟು. ಸಂಸ್ಥೆಯ ಹೊಣೆ ಹೊತ್ತವರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಸೆರೆವಾಸ ಒಂದು ವರ್ಷದವರೆಗೆ ಏರುತ್ತದೆ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಮೊಕದ್ದಮೆಯ ಹೊಣೆಯೂ ಬೀಳದಂತೆ ಅದೇ 19ನೆಯ ಕಲಮು ರಕ್ಷಣೆ ನೀಡುತ್ತದೆ.

ಇಲ್ಲಿ ಶಿಕ್ಷಕರು ಸಾಮಾನ್ಯವಾಗಿ ಎಡವುವ ಮೂರು ಎಡೆಗಳಿವೆ.

ಒಂದು, ತನಿಖೆಗೆ ಇಳಿಯುವುದು. ನಿಜವೋ ಸುಳ್ಳೋ ಎಂದು ಮೊದಲು ತಾವೇ ಖಚಿತಪಡಿಸಿಕೊಳ್ಳಬೇಕೆಂದು ಹಲವರು ಭಾವಿಸುತ್ತಾರೆ. ಮಗುವನ್ನು ಮೂರು ನಾಲ್ಕು ಜನರ ಮುಂದೆ ಮತ್ತೆ ಮತ್ತೆ ಹೇಳಿಸುತ್ತಾರೆ. ಆರೋಪಿತ ವ್ಯಕ್ತಿಯನ್ನು ಕರೆಸಿ ಎದುರುಬದುರು ಕೇಳುತ್ತಾರೆ. ಇದರಿಂದ ಮಗು ಬೆದರುತ್ತದೆ, ಸಾಕ್ಷ್ಯ ಕೆಡುತ್ತದೆ. ಸತ್ಯವನ್ನು ಕಂಡುಹಿಡಿಯುವ ಕೆಲಸ ಪೊಲೀಸರದು, ನ್ಯಾಯಾಲಯದ್ದು. ತಿಳಿಸುವ ಕೆಲಸವಷ್ಟೇ ಶಿಕ್ಷಕರದು.

ಎರಡು, ಗುಟ್ಟಿನ ಭರವಸೆ ಕೊಡುವುದು. "ಯಾರಿಗೂ ಹೇಳಲ್ಲ" ಎಂದು ಮಾತು ಕೊಟ್ಟವರು ಆ ಮಾತನ್ನು ಮುರಿಯಲೇಬೇಕಾಗುತ್ತದೆ. ಆಗ ಮಗುವಿನ ನಂಬಿಕೆಯೂ ಮುರಿಯುತ್ತದೆ. "ನೀನು ಹೇಳಿದ್ದು ಒಳ್ಳೇದಾಯ್ತು ಕಂದ, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ. ನಿನಗೆ ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ" ಎಂಬಷ್ಟು ಮಾತು ಸಾಕು. ಅದು ನಿಜವೂ ಹೌದು.

ಮೂರು, ರಾಜಿ ಪಂಚಾಯಿತಿ. ಊರಿನ ಹಿರಿಯರು ಸೇರಿ, ಎರಡು ಮನೆಯವರನ್ನು ಕೂರಿಸಿ, ಇಷ್ಟು ಹಣ ಎಂದು ತೀರ್ಮಾನಿಸುವ ಪದ್ಧತಿ ಗುಡ್ಡಗಾಡಿನ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ಮಾನ ಉಳಿಯಿತೆಂದು ಮನೆಯವರು ಸಮಾಧಾನಪಡಬಹುದು. ಆದರೆ ಮಗುವಿಗೆ ಚಿಕಿತ್ಸೆಯಿಲ್ಲ, ರಕ್ಷಣೆಯಿಲ್ಲ. ಅಪರಾಧಿ ಅದೇ ಬೀದಿಯಲ್ಲಿ ಓಡಾಡುತ್ತಾನೆ. ಇಂಥ ರಾಜಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ವಿಷಯ ಬಲ್ಲ ಶಿಕ್ಷಕರ ಹೊಣೆಯೂ ಅದರಿಂದ ಕಳೆಯುವುದಿಲ್ಲ.

"ಮಾವ ಮೊನ್ನೆ ನಂಗೆ ಹಿಂಸೆ ಕೊಟ್ರು"

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಏಳನೆಯ ತರಗತಿಯ ಹುಡುಗಿಯೊಬ್ಬಳು ಮಧ್ಯಾಹ್ನದ ಊಟದ ನಂತರ ಶಿಕ್ಷಕಿಯ ಬಳಿ ನಿಂತು, "ಮಿಸ್, ಮಾವ ಮೊನ್ನೆ ನಂಗೆ ಹಿಂಸೆ ಕೊಟ್ರು" ಎನ್ನುತ್ತಾಳೆ. ಐದು ಪದಗಳ ಈ ವಾಕ್ಯದಲ್ಲಿ ನಾಲ್ಕು ಪದಗಳು ಕವಲೊಡೆಯುತ್ತವೆ.

"ಮಾವ" ಎಂದರೆ ತಾಯಿಯ ತಮ್ಮನೋ ಅಣ್ಣನೋ ಇರಬಹುದು, ಸೋದರತ್ತೆಯ ಗಂಡನಿರಬಹುದು. ಸೋದರಮಾವನಿಗೇ ಹೆಣ್ಣು ಕೊಡುವ ವಾಡಿಕೆಯಿರುವ ಮನೆಗಳಲ್ಲಿ ಆ ಹುಡುಗಿಯನ್ನು ಮದುವೆಯಾಗಲಿರುವವನೂ ಆಗಿರಬಹುದು. ಅಥವಾ ಪಕ್ಕದ ಮನೆಯ ಹಿರಿಯನೂ ಆಗಿರಬಹುದು. "ಮೊನ್ನೆ" ಎಂದರೆ ನಿನ್ನೆಯ ಹಿಂದಿನ ದಿನ. ಆಡುಮಾತಿನಲ್ಲಿ ಕಳೆದ ಹಬ್ಬದ ಸಮಯವೂ "ಮೊನ್ನೆ"ಯೇ. "ಹಿಂಸೆ" ಎಂದರೆ ಕಿರಿಕಿರಿಯಿಂದ ಹಿಡಿದು ಅತ್ಯಂತ ಘೋರ ಕೃತ್ಯದವರೆಗೆ ಏನೂ ಆಗಬಹುದು. ಹೇಳಲು ನಾಚುವ ಮಗು ಎಲ್ಲವನ್ನೂ ಆ ಒಂದು ಪದದ ಕೆಳಗೆ ಅಡಗಿಸುತ್ತದೆ. "ಕೊಟ್ರು" ಎಂಬುದು ಹಿರಿಯರಿಗೆ ಕೊಡುವ ಗೌರವದ ಬಹುವಚನ. ಇದನ್ನು ಬೇರೆ ಭಾಷೆಗೆ ತಂದವರು ಒಬ್ಬನಿಗಿಂತ ಹೆಚ್ಚು ಜನ ಎಂದು ಬರೆದುಬಿಟ್ಟರೆ ಪ್ರಕರಣದ ಸ್ವರೂಪವೇ ಬದಲಾಗುತ್ತದೆ.

ದಿನಾಂಕ ತಪ್ಪಾಗಿ ದಾಖಲಾದರೆ, ಸಂಬಂಧ ತಪ್ಪಾಗಿ ದಾಖಲಾದರೆ, ಮುಂದೆ ಪಾಟೀಸವಾಲಿನಲ್ಲಿ ಮಗುವೇ ಸುಳ್ಳು ಹೇಳಿತೆಂದು ವಾದಿಸಲು ಎದುರು ಪಕ್ಷಕ್ಕೆ ಅವಕಾಶವಾಗುತ್ತದೆ. ಮಗು ಸುಳ್ಳು ಹೇಳಿರುವುದಿಲ್ಲ. ಮಾತು ದಾಟುವಾಗ ಸುಳ್ಳಾಗಿರುತ್ತದೆ. ಆದ್ದರಿಂದ ಶಿಕ್ಷಕಿ ಮಾಡಬೇಕಾದ ಮೊದಲ ಕೆಲಸ, ಮಗು ಆಡಿದ ಮಾತನ್ನು ಆಡಿದ ಹಾಗೆಯೇ ಕನ್ನಡದಲ್ಲಿ ಬರೆದಿಡುವುದು. "ಲೈಂಗಿಕ ಕಿರುಕುಳ ನಡೆದಿದೆ" ಎಂಬ ತಮ್ಮ ಪದವನ್ನು ಅಲ್ಲಿ ಸೇರಿಸಬಾರದು. ದಿನ, ವೇಳೆ, ಸ್ಥಳವನ್ನು ಬರೆದು ಸಹಿ ಹಾಕಬೇಕು. ಆ ಹಾಳೆ ಬೇರೆಯವರ ಕಣ್ಣಿಗೆ ಬೀಳದಂತೆ ಇಡಬೇಕು. ಮಗುವಿನ ಹೆಸರಾಗಲಿ, ಮನೆಯ ಗುರುತಾಗಲಿ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿಗೂ ಹೋಗಬಾರದು.

ಮಗುವಿನ ಭಾಷೆಗೆ ಕಾನೂನು ಕೊಟ್ಟಿರುವ ಸ್ಥಾನ

ತಮಿಳುನಾಡಿನ ಠಾಣೆಗಳಲ್ಲಿ ದಾಖಲೆ ತಮಿಳಿನಲ್ಲಿಯೇ ಆಗುವುದು ಸಹಜ. ಹಾಗೆಂದು ಮಗುವೂ ತಮಿಳಿನಲ್ಲಿಯೇ ಹೇಳಬೇಕೆಂಬ ನಿಯಮವಿಲ್ಲ. ಮಗು ನೀಡುವ ಮಾಹಿತಿಯನ್ನು ಅದಕ್ಕೆ ಅರ್ಥವಾಗುವ ಸರಳ ಭಾಷೆಯಲ್ಲಿ ಬರೆದುಕೊಳ್ಳಬೇಕು. ದಾಖಲಿಸುವ ಭಾಷೆ ಮಗುವಿಗೆ ತಿಳಿಯದಿದ್ದರೆ ದುಭಾಷಿಯನ್ನು ಒದಗಿಸಬೇಕು ಎಂದು 19ನೆಯ ಕಲಮು ಹೇಳುತ್ತದೆ. ಪೊಲೀಸರು ಅಥವಾ ಮ್ಯಾಜಿಸ್ಟ್ರೇಟರು ಹೇಳಿಕೆ ಪಡೆಯುವಾಗ ದುಭಾಷಿಯ ನೆರವು ಪಡೆಯಲು 26ನೆಯ ಕಲಮಿನಲ್ಲಿ, ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿಯುವಾಗ ಪಡೆಯಲು 38ನೆಯ ಕಲಮಿನಲ್ಲಿ ಅವಕಾಶವಿದೆ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ ಪಡೆಯಬೇಕು, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ ಪಡೆಯಬೇಕು, ಅಧಿಕಾರಿ ಸಮವಸ್ತ್ರದಲ್ಲಿರಬಾರದು, ತಂದೆತಾಯಿ ಅಥವಾ ಮಗು ನಂಬುವ ವ್ಯಕ್ತಿ ಜೊತೆಗಿರಬೇಕು, ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳಬಾರದು. ಮಗು ನಂಬುವ ವ್ಯಕ್ತಿ ಎಷ್ಟೋ ಸಲ ಶಿಕ್ಷಕಿಯೇ ಆಗಿರುತ್ತಾರೆ.

ದುಭಾಷಿ ಯಾರಾಗಬಹುದು ಎಂಬುದು ಕನ್ನಡ ಶಿಕ್ಷಕರು ವಿಶೇಷವಾಗಿ ಗಮನಿಸಬೇಕಾದ ಅಂಶ. 2020ರ ಮಾರ್ಚ್ 9ರಿಂದ ಜಾರಿಗೆ ಬಂದ ಪೋಕ್ಸೋ ನಿಯಮಗಳ 5ನೆಯ ನಿಯಮದಂತೆ, ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ದುಭಾಷಿಗಳ, ಭಾಷಾಂತರಕಾರರ, ವಿಶೇಷ ಶಿಕ್ಷಕರ ಪಟ್ಟಿಯೊಂದನ್ನು ಇಟ್ಟಿರಬೇಕು. ದುಭಾಷಿಗೆ ಮಗುವಿನ ಭಾಷೆಯೂ ರಾಜ್ಯದ ಭಾಷೆಯೂ ಬಳಕೆಯ ಮಟ್ಟಿಗೆ ಬರಬೇಕು. ಆ ತಿಳಿವು ಮಾತೃಭಾಷೆಯಿಂದ ಬಂದಿರಬಹುದು, ಪ್ರಾಥಮಿಕ ಹಂತದವರೆಗಾದರೂ ಶಾಲೆಯ ಮಾಧ್ಯಮವಾಗಿದ್ದರಿಂದ ಬಂದಿರಬಹುದು; ವೃತ್ತಿಯಿಂದಲೋ ಆ ಭಾಷೆಯಾಡುವ ಪ್ರದೇಶದಲ್ಲಿ ನೆಲೆಸಿದ್ದರಿಂದಲೋ ಬಂದಿರಬಹುದು. ಈ ಅರ್ಹತೆಗಳನ್ನು ಒಂದೊಂದಾಗಿ ಓದಿದರೆ ಹೊಸೂರು ಭಾಗದ ಕನ್ನಡ ಮಾಧ್ಯಮ ಶಿಕ್ಷಕರನ್ನೇ ಎದುರಿಗಿಟ್ಟುಕೊಂಡು ಬರೆದಂತೆ ತೋರುತ್ತದೆ. ಕನ್ನಡವನ್ನೂ ತಮಿಳನ್ನೂ ಚೆನ್ನಾಗಿ ಬಲ್ಲ ಶಿಕ್ಷಕರು ಕೃಷ್ಣಗಿರಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಟ್ಟು ಆ ಪಟ್ಟಿಯಲ್ಲಿ ಸೇರಲು ಮುಂದಾದರೆ, ಅಂಚೆಟ್ಟಿಯ ಒಂದು ಮಗುವಿನ ಮಾತನ್ನು ಕೇಳಲು ಬೇಕಾದವರು ಜಿಲ್ಲೆಯಲ್ಲಿಯೇ ಸಿಗುತ್ತಾರೆ.

ಇದಕ್ಕೆ ಒಂದು ಕಟ್ಟುಪಾಡಿದೆ. ದುಭಾಷಿ ಪಕ್ಷಪಾತವಿಲ್ಲದವರಾಗಿರಬೇಕು, ತಮಗೆ ಪ್ರಕರಣದಲ್ಲಿ ಯಾವುದೇ ಸಂಬಂಧವಿದ್ದರೆ ಮೊದಲೇ ತಿಳಿಸಬೇಕು, ಏನನ್ನೂ ಸೇರಿಸದೆ, ಏನನ್ನೂ ಬಿಡದೆ ಪೂರ್ಣವಾಗಿ ನುಡಿಯಬೇಕು. ಮಗುವಿನ ಮಾತನ್ನು ಮೊದಲು ಕೇಳಿದ ಶಿಕ್ಷಕಿ ಮುಂದೆ ಸಾಕ್ಷಿಯಾಗಬಹುದು. ಆರೋಪಿ ಅದೇ ಶಾಲೆಗೆ ಸೇರಿದವನಾದರೆ ಸಹೋದ್ಯೋಗಿಗಳ ಮೇಲೆ ಒತ್ತಡ ಬೀಳಬಹುದು. ಆದ್ದರಿಂದ ಒಂದು ಶಾಲೆಯ ಮಗುವಿಗೆ ಇನ್ನೊಂದು ಶಾಲೆಯ ಶಿಕ್ಷಕರು ದುಭಾಷಿಯಾಗುವುದು ಒಳ್ಳೆಯದು. "ಮಾವ" ಎಂದು ಮಗು ಹೇಳಿದರೆ ದುಭಾಷಿ ತಾವೇ ಅರ್ಥ ನಿಶ್ಚಯಿಸದೆ, ಈ ಪದಕ್ಕೆ ಹಲವು ಅರ್ಥಗಳಿವೆಯೆಂದು ಅಧಿಕಾರಿಗೆ ತಿಳಿಸಿ, "ಯಾವ ಮಾವ?" ಎಂಬ ಪ್ರಶ್ನೆ ಅಧಿಕಾರಿಯಿಂದಲೇ ಬರುವಂತೆ ನೋಡಿಕೊಳ್ಳಬೇಕು.

ದೊಡ್ಡವರಿಗೂ ಒಂದು ಆಸರೆಯಿದೆ. ಸಂವಿಧಾನದ 350ನೆಯ ವಿಧಿಯಂತೆ, ಕುಂದುಕೊರತೆಯ ನಿವಾರಣೆಗಾಗಿ ಯಾವ ಅಧಿಕಾರಿಗಾದರೂ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಎಲ್ಲರಿಗೂ ಇದೆ. ಕನ್ನಡದಲ್ಲಿ ಬರೆದ ಮನವಿಯನ್ನು ಭಾಷೆಯ ಕಾರಣಕ್ಕಾಗಿ ಹಿಂತಿರುಗಿಸುವಂತಿಲ್ಲ. ಕೆಲಸ ಬೇಗ ಆಗಲೆಂದು ತಮಿಳು ಪ್ರತಿಯೊಂದನ್ನು ಜೊತೆಗಿಡುವುದು ವಿವೇಕ. ಮೂಲದ ಕನ್ನಡ ಪ್ರತಿಯನ್ನು ಬಿಡದಿರುವುದು ಅದಕ್ಕಿಂತ ದೊಡ್ಡ ವಿವೇಕ.

ನೆರವಿನ ಬಾಗಿಲುಗಳು

ಮಕ್ಕಳಿಗಾಗಿ ಇರುವ ಸಹಾಯವಾಣಿ 1098. ಹಗಲು ರಾತ್ರಿ ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆ ಮಾಡಬಹುದು; ಮಗುವೇ ಮಾಡಬಹುದು, ಮಗುವಿನ ಪರವಾಗಿ ಬೇರೆಯವರೂ ಮಾಡಬಹುದು. ತಮಿಳುನಾಡು ಶಾಲಾ ಶಿಕ್ಷಣ ಇಲಾಖೆಯ ಸಹಾಯವಾಣಿ 14417. ಮಹಿಳೆಯರಿಗೆ 181, ತುರ್ತು ಸಂದರ್ಭಕ್ಕೆ 112, ಆನ್‌ಲೈನ್ ವಂಚನೆಗೆ 1930, ಉಚಿತ ಕಾನೂನು ನೆರವಿಗೆ 15100. ಮನಸ್ಸಿನ ನೋವಿಗೆ ಟೆಲಿ ಮಾನಸ್ ಸೇವೆಯ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆಯಲ್ಲಿ ಕರೆ ಮಾಡಿದವರು ತಮಗೆ ಬೇಕಾದ ಭಾಷೆಯನ್ನು ಆಯ್ದುಕೊಳ್ಳಬಹುದು, ಕನ್ನಡವೂ ಅವುಗಳಲ್ಲಿ ಒಂದು.

ಪೊಲೀಸರಿಗೆ ಮಾಹಿತಿ ತಲುಪಿದ 24 ಗಂಟೆಯೊಳಗೆ ವಿಷಯ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ಹೋಗಬೇಕು. ಮಕ್ಕಳ ನ್ಯಾಯ ಕಾಯ್ದೆಯಂತೆ ರಚಿತವಾಗುವ ಈ ಸಮಿತಿಯಲ್ಲಿ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುತ್ತಾರೆ. ಆರೋಪಿ ಮಗುವಿನ ಮನೆಯಲ್ಲಿಯೇ ಇರುವವನಾದರೆ, ಮಗು ಅಲ್ಲಿ ಉಳಿಯುವುದು ಕ್ಷೇಮವೇ ಎಂಬುದನ್ನು ಸಮಿತಿ ಮೂರು ದಿನಗಳೊಳಗೆ ನಿರ್ಧರಿಸಬೇಕು. ತನಿಖೆ, ವಿಚಾರಣೆಗಳ ಉದ್ದಕ್ಕೂ ಮಗುವಿನ ಜೊತೆಗಿದ್ದು ಮುಂದೇನಾಗುತ್ತದೆ ಎಂಬುದನ್ನು ತಿಳಿಸುತ್ತಿರಲು ಒಬ್ಬ ಸಹಾಯಕ ವ್ಯಕ್ತಿಯನ್ನೂ ಸಮಿತಿ ಒದಗಿಸುತ್ತದೆ. ಕನ್ನಡ ಬಲ್ಲವರನ್ನೇ ಕೊಡಬೇಕೆಂದು ಮನೆಯವರು ಆರಂಭದಲ್ಲಿಯೇ ಕೇಳಿಕೊಳ್ಳಬೇಕು. ಕೇಳಿಕೊಳ್ಳಬಹುದೆಂದು ಅವರಿಗೆ ಹೇಳುವವರು ಬೇಕು.

ಚಿಕಿತ್ಸೆ ಎಫ್‌ಐಆರ್‌ಗೆ ಕಾಯಬೇಕಾಗಿಲ್ಲ. ಲೈಂಗಿಕ ದೌರ್ಜನ್ಯಕ್ಕೂ ಆಸಿಡ್ ದಾಳಿಗೂ ಒಳಗಾದವರಿಗೆ ಸರ್ಕಾರಿ ಆಸ್ಪತ್ರೆಯಷ್ಟೇ ಅಲ್ಲದೆ ಖಾಸಗಿ ಆಸ್ಪತ್ರೆಯೂ ತಕ್ಷಣ ಉಚಿತವಾಗಿ ಚಿಕಿತ್ಸೆ ನೀಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೆಯ ಕಲಮು ವಿಧಿಸುತ್ತದೆ. ಹೆಣ್ಣುಮಗುವಿನ ಪರೀಕ್ಷೆಯನ್ನು ಮಹಿಳಾ ವೈದ್ಯರೇ ಮಾಡಬೇಕು.

ಮಗುವಿನ ಊಟ, ಬಟ್ಟೆ, ಓಡಾಟದ ಖರ್ಚಿಗೆ ತುರ್ತು ಹಣ ಬೇಕಾದರೆ ಸಮಿತಿ ವಿಶೇಷ ನೆರವಿಗೆ ಶಿಫಾರಸು ಮಾಡಬಹುದು; ಶಿಫಾರಸು ತಲುಪಿದ ಒಂದು ವಾರದೊಳಗೆ ಅದು ಸಿಗಬೇಕೆಂದು ನಿಯಮವಿದೆ. ಕೂಲಿ ಬಿಟ್ಟು ಅಂಚೆಟ್ಟಿಯಿಂದ ಕೃಷ್ಣಗಿರಿಗೆ ಮತ್ತೆ ಮತ್ತೆ ಬಸ್ಸಿನಲ್ಲಿ ಹೋಗಬೇಕಾದ ತಾಯಿಗೆ ಈ ಒಂದು ನಿಯಮದ ತಿಳಿವಳಿಕೆಯೇ ಪ್ರಕರಣವನ್ನು ನಡುವೆ ಕೈಬಿಡದಿರಲು ಕಾರಣವಾಗಬಹುದು.

ಪರಿಹಾರಧನ ಬೇರೆ. ನೊಂದವರಿಗೂ ಅವರ ಅವಲಂಬಿತರಿಗೂ ಪರಿಹಾರ ನೀಡುವ ಯೋಜನೆಯನ್ನು ಪ್ರತಿ ರಾಜ್ಯವೂ ರೂಪಿಸಬೇಕೆಂಬ ವಿಧಿ 2009ರ ಕೊನೆಯಿಂದ ಜಾರಿಯಲ್ಲಿದೆ. ಈಗ ಅದು ಸುರಕ್ಷಾ ಸಂಹಿತೆಯ 396ನೆಯ ಕಲಮಾಗಿದೆ. ಪೋಕ್ಸೋ ಪ್ರಕರಣಗಳಲ್ಲಿ ಎಫ್‌ಐಆರ್ ದಾಖಲಾದ ನಂತರ ಯಾವ ಹಂತದಲ್ಲಿಯಾದರೂ ವಿಶೇಷ ನ್ಯಾಯಾಲಯ ಮಧ್ಯಂತರ ಪರಿಹಾರಕ್ಕೆ ಆದೇಶಿಸಬಹುದು. ಆರೋಪಿ ಪತ್ತೆಯಾಗದಿದ್ದರೂ, ಖುಲಾಸೆಯಾದರೂ, ಮಗುವಿಗೆ ಹಾನಿಯಾಗಿದೆಯೆಂದು ನ್ಯಾಯಾಲಯಕ್ಕೆ ಕಂಡರೆ ಪರಿಹಾರ ಸಿಗುತ್ತದೆ. ಆದೇಶ ತಲುಪಿದ 30 ದಿನಗಳೊಳಗೆ ಸರ್ಕಾರ ಹಣ ಕೊಡಬೇಕು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2018ರ ಯೋಜನೆ ಅತ್ಯಾಚಾರಕ್ಕೆ ಒಳಗಾದ ಮಹಿಳೆಗೆ ಕನಿಷ್ಠ 4 ಲಕ್ಷ, ಗರಿಷ್ಠ 7 ಲಕ್ಷ ರೂಪಾಯಿಗಳ ಪರಿಹಾರವನ್ನು ಸೂಚಿಸಿದೆ. ಪೋಕ್ಸೋ ನ್ಯಾಯಾಲಯಗಳೂ ಅದನ್ನು ಮಾರ್ಗದರ್ಶಿಯಾಗಿ ಬಳಸುವಂತೆ ಸುಪ್ರೀಂ ಕೋರ್ಟ್ ಹೇಳಿತು.

ಇಲ್ಲಿ ಪದಗಳ ತೊಡಕೊಂದನ್ನು ಗಮನಿಸಬೇಕು. ಕನ್ನಡದಲ್ಲಿ "ಪರಿಹಾರ" ಎಂದರೆ ನಷ್ಟಕ್ಕೆ ಕೊಡುವ ಹಣವೂ ಹೌದು. ತಮಿಳಿನಲ್ಲಿ ಆ ಪದ ಕೇಳಿದವರಿಗೆ ಮೊದಲು ನೆನಪಾಗುವುದು ದೋಷ ಕಳೆಯಲು ದೇವಸ್ಥಾನದಲ್ಲಿ ಮಾಡಿಸುವ ಪೂಜೆ. ಕಚೇರಿಯ ತಮಿಳಿನಲ್ಲಿ ಪರಿಹಾರಧನಕ್ಕೆ "ಇಳಪ್ಪೀಡು" ಎನ್ನುತ್ತಾರೆ. ಹಾಗೆಯೇ ದೂರಿಗೆ "ಪುಗಾರ್", ಹೇಳಿಕೆಗೆ "ವಾಕ್ಕುಮೂಲಂ", ಮಹಿಳಾ ಪೊಲೀಸ್ ಠಾಣೆಗೆ "ಅನೈತ್ತು ಮಗಳಿರ್ ಕಾವಲ್ ನಿಲೈಯಂ", ಮಕ್ಕಳ ಕಲ್ಯಾಣ ಸಮಿತಿಗೆ "ಕುಳಂದೈಗಳ್ ನಲಕ್ ಕುಳು", ಕಾನೂನು ಸೇವಾ ಪ್ರಾಧಿಕಾರಕ್ಕೆ "ಸಟ್ಟಪ್ ಪಣಿಗಳ್ ಆಣೈಕ್ಕುಳು". ಈ ಐದಾರು ಪದಗಳನ್ನು ಕನ್ನಡ ಅರ್ಥದೊಂದಿಗೆ ಒಂದು ಹಾಳೆಯಲ್ಲಿ ಬರೆದು ಪೋಷಕರಿಗೆ ಕೊಟ್ಟರೆ, ಅವರು ಯಾವ ಬಾಗಿಲ ಮುಂದೆ ನಿಂತಿದ್ದೇವೆಂದು ತಿಳಿಯದೆ ತಿರುಗುವುದು ತಪ್ಪುತ್ತದೆ.

ಮನೆಯೊಳಗಿನ ಹಿಂಸೆ ಮತ್ತು ಬಾಲ್ಯವಿವಾಹ

ಮಗು ತರಗತಿಯಲ್ಲಿ ತೂಕಡಿಸುವುದಕ್ಕೆ, ಮನೆಗೆಲಸ ಮಾಡದೆ ಬರುವುದಕ್ಕೆ ರಾತ್ರಿಯೆಲ್ಲ ತಾಯಿ ಹೊಡೆತ ತಿನ್ನುವುದನ್ನು ನೋಡಿದ್ದೇ ಕಾರಣವಿರಬಹುದು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ ಹೊಡೆತವನ್ನಷ್ಟೇ ಅಲ್ಲದೆ ಬೈಗುಳವನ್ನೂ, ಖರ್ಚಿಗೆ ಹಣ ಕೊಡದೆ ಸತಾಯಿಸುವುದನ್ನೂ ಹಿಂಸೆಯೆಂದೇ ಪರಿಗಣಿಸುತ್ತದೆ. ಸಂರಕ್ಷಣಾಧಿಕಾರಿಯ ಮೂಲಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಿದರೆ ರಕ್ಷಣೆ, ಅದೇ ಮನೆಯಲ್ಲಿ ವಾಸದ ಹಕ್ಕು, ಜೀವನಾಂಶ, ಮಕ್ಕಳ ಪಾಲನೆಯ ಬಗ್ಗೆ ಆದೇಶ ಪಡೆಯಬಹುದು. ತಕ್ಷಣ ಮನೆ ಬಿಡಬೇಕಾದ ಮಹಿಳೆಗೆ ಸಖಿ ಏಕೀಕೃತ ಸೇವಾ ಕೇಂದ್ರದಲ್ಲಿ ಚಿಕಿತ್ಸೆ, ಸಮಾಲೋಚನೆ, ಪೊಲೀಸ್ ಮತ್ತು ಕಾನೂನು ನೆರವು, ಐದು ದಿನಗಳವರೆಗಿನ ತಂಗುವಿಕೆ ಒಂದೇ ಸೂರಿನಡಿ ಸಿಗುತ್ತವೆ. ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ. ಪರಿಶಿಷ್ಟ ಜಾತಿ ಮತ್ತು ಪಂಗಡದವರ ಮೇಲೆ ದೌರ್ಜನ್ಯ ನಡೆದರೆ, 1989ರ ಕಾಯ್ದೆಯಡಿ ಪ್ರಕರಣದ ಹಂತಕ್ಕೆ ತಕ್ಕಂತೆ ಕಂತುಗಳಲ್ಲಿ ನೆರವಿನ ಹಣವೂ ದೊರೆಯುತ್ತದೆ.

ಡೆಂಕಣಿಕೋಟೆ, ಅಂಚೆಟ್ಟಿ ಗುಡ್ಡಗಾಡಿನ ಹಳ್ಳಿಗಳಲ್ಲಿ ಎಂಟನೆಯ, ಒಂಬತ್ತನೆಯ ತರಗತಿಯ ನಂತರ ಹುಡುಗಿ ಶಾಲೆಗೆ ಬಾರದೆ ಹೋದರೆ ಮದುವೆಯ ಸಿದ್ಧತೆ ನಡೆದಿದೆಯೇ ಎಂದು ವಿಚಾರಿಸಬೇಕು. ಬಾಲ್ಯವಿವಾಹ ತಡೆಗೆ 1098ಕ್ಕೆ ಯಾರು ಬೇಕಾದರೂ ತಿಳಿಸಬಹುದು. ಮ್ಯಾಜಿಸ್ಟ್ರೇಟರು ಮದುವೆಗೆ ತಡೆಯಾಜ್ಞೆ ನೀಡಬಹುದು. ಮದುವೆ ನಡೆದೇ ಹೋಗಿದ್ದರೂ, ಪ್ರಾಯಕ್ಕೆ ಬಂದ ಎರಡು ವರ್ಷದೊಳಗೆ ಅದನ್ನು ರದ್ದುಪಡಿಸಿಕೊಳ್ಳುವ ಹಕ್ಕು ಆ ಹುಡುಗಿಗೆ ಇರುತ್ತದೆ. ಮನೆಯ ಬಡತನವೇ ಕಾರಣವಾದರೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಮದುವೆಯನ್ನು ನಿಲ್ಲಿಸಿದ ಮರುದಿನ ಆ ಅರ್ಜಿಯನ್ನು ಬರೆದುಕೊಡುವ ಶಿಕ್ಷಕರಿದ್ದರೆ ಹುಡುಗಿ ಮತ್ತೆ ಬೆಂಚಿಗೆ ಬರುತ್ತಾಳೆ.

ಗಡಿ ದಾಟಿದ ಪ್ರಕರಣಗಳು

ಅತ್ತಿಬೆಲೆ, ಆನೇಕಲ್ ಕಡೆಗೆ ದಿನವೂ ಕೆಲಸಕ್ಕೆ ಹೋಗಿ ಬರುವ ಕುಟುಂಬಗಳು ಇಲ್ಲಿ ಬಹಳ. ಅಪರಾಧ ಕರ್ನಾಟಕದಲ್ಲಿ ನಡೆದು ಮಗು ತಮಿಳುನಾಡಿನ ಶಾಲೆಯಲ್ಲಿದ್ದರೆ, ಇದು ನಮ್ಮ ಸರಹದ್ದಿಗೆ ಸೇರುವುದಿಲ್ಲ ಎಂಬ ಮಾತು ಎರಡೂ ಕಡೆ ಕೇಳಿಬರಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಸುರಕ್ಷಾ ಸಂಹಿತೆಯ 173ನೆಯ ಕಲಮು, ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಿಯಾದರೂ ಮಾಹಿತಿ ನೀಡಬಹುದೆಂದು ಸ್ಪಷ್ಟಪಡಿಸಿದೆ. ಜನ ಇದನ್ನು ಜೀರೋ ಎಫ್‌ಐಆರ್ ಎನ್ನುತ್ತಾರೆ. ಹೊಸೂರಿನ ಠಾಣೆಯಲ್ಲಿ ದಾಖಲಾದದ್ದು ಅಲ್ಲಿಂದಲೇ ಸಂಬಂಧಪಟ್ಟ ಠಾಣೆಗೆ ವರ್ಗವಾಗುತ್ತದೆ. ಎಫ್‌ಐಆರ್‌ನ ಪ್ರತಿಯನ್ನು ನೊಂದವರಿಗೆ ಉಚಿತವಾಗಿ ಕೊಡಬೇಕು. ತನಿಖೆ ಎಲ್ಲಿಗೆ ಬಂತೆಂಬುದನ್ನು 90 ದಿನಗಳೊಳಗೆ ತಿಳಿಸಬೇಕು.

ನಾಳೆಯಿಂದ ಶಾಲೆಯಲ್ಲಿ ಆಗಬೇಕಾದದ್ದು

ಮೇಲೆ ಹೇಳಿದ್ದನ್ನೆಲ್ಲ ನೆನಪಿನಲ್ಲಿಡುವುದು ಕಷ್ಟ. ಪ್ರತಿ ಶಾಲೆಯಲ್ಲಿಯೂ ನಾಲ್ಕು ಕೆಲಸಗಳು ನಡೆದರೆ ಸಾಕು. 1098 ಮತ್ತು 14417 ಸಂಖ್ಯೆಗಳನ್ನು ಮಕ್ಕಳ ಕಣ್ಣಿನ ಎತ್ತರದಲ್ಲಿ, ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಗೋಡೆಯ ಮೇಲೆ ಬರೆಸುವುದು. ಒಂದು ವಾರಕ್ಕಿಂತ ಹೆಚ್ಚು ಕಾಲ ಕಾರಣವಿಲ್ಲದೆ ಬಾರದ ಮಗುವಿನ ಮನೆಗೆ ಒಬ್ಬರು ಹೋಗಿಬರುವುದು. ಮಗು ಆಡಿದ ಮಾತನ್ನು ಹಾಗೆಯೇ ಬರೆದು ಅದೇ ದಿನ ತಿಳಿಸುವುದು. ಜಿಲ್ಲಾ ಘಟಕದ ದುಭಾಷಿ ಪಟ್ಟಿಗೆ ಆ ಶಾಲೆಯಿಂದ ಒಬ್ಬರಾದರೂ ಹೆಸರು ಕೊಡುವುದು.

ಕನ್ನಡ ಮಾಧ್ಯಮ ಶಾಲೆ ಈ ನೆಲದಲ್ಲಿ ಏಕೆ ಉಳಿಯಬೇಕೆಂದು ಕೇಳುವವರಿಗೆ ಸಾಹಿತ್ಯ, ಸಂಸ್ಕೃತಿ, ಸಂವಿಧಾನದ ಹಕ್ಕು ಎಂದು ಹಲವು ಉತ್ತರಗಳನ್ನು ಕೊಡುತ್ತ ಬಂದಿದ್ದೇವೆ. ಊಟದ ಬಿಡುವಿನಲ್ಲಿ ಮೇಜಿನ ಬಳಿ ಬಂದು, ಸೆರಗಿನ ತುದಿ ಹಿಡಿದು, "ಮಿಸ್, ಒಂದು ಮಾತು ಹೇಳ್ಬೇಕು" ಎನ್ನುವ ಮಗುವಿಗೆ ಆ ಮಾತು ಅರ್ಥವಾಗುವ ಒಬ್ಬರಾದರೂ ಅಲ್ಲಿರಬೇಕು ಎಂಬುದೂ ಒಂದು ಉತ್ತರ. ಆ ಮಾತನ್ನು ಕೇಳಿದವರು ಅದೇ ದಿನ ಫೋನು ಕೈಗೆತ್ತಿಕೊಂಡರೆ ಉಳಿದ ಬಾಗಿಲುಗಳು ಒಂದೊಂದಾಗಿ ತೆರೆಯುತ್ತವೆ.